ಪಾಸ್‌ಬುಕ್ಕಿನ ಸಹಿಗಳು ಮಾಸಿದ ವಾರ

ನಮ್ಮೂರಿನಲ್ಲಿ ಯಾರೇ ಆಗಲಿ, ಕಾಗದಕ್ಕೆ ಸಹಿ ಹಾಕುವ ಮುಂಚೆ ಪೆನ್ನು ಹಿಡಿದು ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ. ಹೊರಗಿನಿಂದ ಬಂದವರು ಅದನ್ನು ಭಕ್ತಿ ಎಂದುಕೊಳ್ಳುತ್ತಾರೆ. ಭಕ್ತಿಯಲ್ಲ, ಅಂಜಿಕೆ. ಬರೆದ ಮಾತಿನ ಮೇಲೆ ಮನಸ್ಸು ಇರುವ ತನಕ ಮಾತ್ರ ನಮ್ಮಲ್ಲಿ ಸಹಿ ನಿಲ್ಲುತ್ತದೆ. ಮನಸ್ಸು ಸರಿಯಿತೋ, ಸಹಿ ಮೊದಲು ಚಹಾದ ಬಣ್ಣಕ್ಕೆ ಇಳಿದು, ಆಮೇಲೆ ಅಕ್ಕಿ ತೊಳೆದ ನೀರಿನಂತಾಗಿ, ಕೊನೆಗೆ ಬರಿಯ ಕಾಗದ ಉಳಿಯುತ್ತದೆ. ಹೆಬ್ಬೆಟ್ಟಿನ ಗುರುತೂ ಅಷ್ಟೇ. ಇದಕ್ಕೆ ನಾವು ಹೊಂದಿಕೊಂಡು ಬಹಳ ಕಾಲವಾಯಿತು. ಮದುವೆಯ ಕಾಗದವನ್ನು ಟ್ರಂಕಿನ ತಳದಲ್ಲಿ, ರಗ್ಗಿನ ಕೆಳಗೆ ಇಟ್ಟುಬಿಡುತ್ತಾರೆ. ಬುದ್ಧಿ ಇದ್ದವರು ಅದನ್ನು ತೆಗೆದು ನೋಡುವುದಿಲ್ಲ. ಪುರಸಭೆಯ ಅಧ್ಯಕ್ಷರು ಏನಿದ್ದರೂ ಬಾಯಿಮಾತಿನಲ್ಲೇ ಮುಗಿಸುತ್ತಾರೆ. ಬಾಡಿಗೆಯ ಕರಾರನ್ನು ಮಾತ್ರ ಮಾಲೀಕನೂ ಬಾಡಿಗೆದಾರನೂ ತಿಂಗಳಿಗೊಮ್ಮೆ ಒಟ್ಟಿಗೆ ಬಿಚ್ಚಿ ನೋಡಿ, ಇಬ್ಬರ ಸಹಿಯೂ ಕಪ್ಪಗಿದ್ದರೆ ಚಹಾ ಕುಡಿದು ಏಳುತ್ತಾರೆ.

ನಾನು ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳು. ಶಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಅರವತ್ತು ಮಂದಿಗೆ ತಿಂಗಳ ಉದ್ರಿಯ ಮೇಲೆ ರೊಟ್ಟಿ ಬಡಿದು ಹಾಕಿ, ಒಬ್ಬನ ಕೈಯಲ್ಲೂ ಮೋಸ ಹೋಗಲಿಲ್ಲ ಎಂಬುದೊಂದೇ ನನ್ನ ಪದವಿ. ಪತ್ತಿನ ಬ್ಯಾಂಕಿನ ಹಳೆಯ ಸೆಕ್ರೆಟರಿ ತೀರಿಕೊಂಡಾಗ ನಿರ್ದೇಶಕರು ಐದೂ ಜನ ನನ್ನ ಖಾನಾವಳಿಗೆ ಬಂದು, ಹೊಟ್ಟೆತುಂಬ ಉಂಡು, ಆಮೇಲೆ ಮಾತು ತೆಗೆದರು. "ಲೆಕ್ಕ ನೋಡಾಕ ಮೋದಿನಸಾಬ್ ಅದಾರ. ನಮಗ ಮಂದಿ ಮಾರಿ ಓದೋರು ಬೇಕಾಗ್ಯಾರ, ದಾಕ್ಷಕ್ಕ" ಎಂದರು. ಹಾಗೆ ಮುಖ ಓದುವವಳಾಗಿ ನಾನು ಬ್ಯಾಂಕಿಗೆ ಬಂದೆ. ಬಂದು ಹದಿನಾರು ವರ್ಷವಾಯಿತು.

ಬ್ಯಾಂಕೆಂದರೆ ಎರಡು ಕೋಣೆ. ಪಕ್ಕದ್ದು ಹಿಟ್ಟಿನ ಗಿರಣಿ. ಗಿರಣಿ ತಿರುಗುವಾಗ ನಮ್ಮ ಮೇಜೂ ನಡುಗುತ್ತದೆ, ಸಂಜೆಯೊಳಗೆ ಲೆಜರುಗಳ ಮೇಲೆ ಜೋಳದ ಹಿಟ್ಟು ಕೂರುತ್ತದೆ. ನಮ್ಮಲ್ಲಿ ಹಣ ಇಡುವವರು ಹಮಾಲರು, ತರಕಾರಿಯವರು, ಶಾಲೆಯಲ್ಲಿ ಅಡುಗೆ ಮಾಡುವವರು, ಮನೆಮನೆ ತಿರುಗಿ ಬಳೆ ತೊಡಿಸುವವರು. ಹತ್ತು ರೂಪಾಯಿ ಇಟ್ಟು ನಾಲ್ಕು ದಿನಕ್ಕೆ ಐದು ಕೇಳುವ ಮಂದಿ. ಕಿಟಕಿಯ ಕೆಳಗೆ ಉದ್ದನೆಯ ಕಲ್ಲು ಹಾಸಿದೆ, ಬುಟ್ಟಿ ಇಳಿಸಿಕೊಳ್ಳಲು.

ದಿನಾ ಬೆಳಿಗ್ಗೆ ತಿಜೋರಿ ತೆಗೆಯುವ ಮುಂಚೆ ನಾನು ಸಾಲದ ಪುಸ್ತಕ ಹಿಡಿದು ಬೆಳಕಿಗೆ ನಿಲ್ಲುತ್ತೇನೆ. ಯಾರ ಸಹಿ ತೆಳುವಾಗಿದೆಯೋ ಅವರ ಮನೆಗೆ ಅವತ್ತೇ ಹೋಗುತ್ತೇನೆ. ನೋಟೀಸು ಕಳಿಸುವುದಿಲ್ಲ, ಸಾಲದ ಮಾತೂ ಎತ್ತುವುದಿಲ್ಲ. ಕೊಟ್ಟದ್ದನ್ನು ತಿಂದು, ಮನೆಯ ಮೂಲೆಗಳನ್ನು ನೋಡಿ ಬರುತ್ತೇನೆ. ಸಹಿ ಮಾಸುವುದು ಮೋಸದಿಂದ ಮಾತ್ರವೇ ಅಲ್ಲ. ಬ್ಯಾಂಡಿನ ರುದ್ರಪ್ಪನ ಸಹಿ ಒಮ್ಮೆ ಮಾಸಿತ್ತು. ಹೋಗಿ ನೋಡಿದರೆ ಮುಂದಿನ ನಾಲ್ಕು ಹಲ್ಲು ಬಿದ್ದು ಕ್ಲಾರಿಯೋನೆಟ್ ಊದಲಾಗದೆ, ತನ್ನ ಬದುಕು ಮುಗಿಯಿತೆಂದು ಮೂಲೆ ಹಿಡಿದಿದ್ದ. ಇನ್ನೊಂದು ಸಾವಿರ ಕೊಟ್ಟು ಡೋಲು ಕೊಡಿಸಿದೆ. ಎಂಟು ದಿನಕ್ಕೆ ಅವನ ಸಹಿ ಕಾಡಿಗೆಯಂತಾಯಿತು. ಇದೇ ನಮ್ಮ ಬ್ಯಾಂಕು ನಡೆಯುವ ರೀತಿ. ಇದನ್ನು ನಾನು ಚೆನ್ನಾಗಿ ಬಲ್ಲೆನೆಂದುಕೊಂಡಿದ್ದೆ.

ಆ ಸೋಮವಾರ ಬಳೆಗಾರ್ತಿ ಬಂಗಾರೆವ್ವ ಬುಟ್ಟಿ ಇಳಿಸಿ, ಸೆರಗಿನ ಗಂಟಿನಿಂದ ಪಾಸ್‌ಬುಕ್ಕು ತೆಗೆದು ಕಿಟಕಿಯೊಳಗೆ ತಳ್ಳಿದಳು.

"ದಾಕ್ಷಕ್ಕ, ಇದನ್ನೊಂದೀಟು ನೋಡ. ನನ್ನ ಕಣ್ಣು ಹೋಗ್ಯಾವೋ, ನಿನ್ನ ಸಹಿ ಹೋಗೇತೋ, ಗೊತ್ತಾಗವಲ್ದು."

ನೋಡಿದೆ. ನಮ್ಮಲ್ಲಿ ಇಟ್ಟ ಪ್ರತಿಯೊಂದು ಹಣದ ಮುಂದೆಯೂ ಸೆಕ್ರೆಟರಿಯ ಸಹಿ ಬೀಳಬೇಕು. ಪುಟದ ಉದ್ದಕ್ಕೂ ಇದ್ದ ನನ್ನ ಸಹಿಗಳೆಲ್ಲ ಚಹಾದ ಬಣ್ಣಕ್ಕೆ ತಿರುಗಿದ್ದವು.

"ಬೆವರು ತಾಗೇತಿ. ಸೆರಗಿನ್ಯಾಗ ಕಟ್ಕೊಂಡು ತಿರುಗಿದ್ರ ಇನ್ನೇನಾಗ್ತೈತಿ" ಎಂದೆ.

"ಬೆವರು ನಿನ್ನ ಸಹಿಗಷ್ಟ ತಾಗ್ತೈತೇನು? ಅಂಕಿ ಎಲ್ಲಾ ಕರ್ರಗ ಅದಾವಲ್ಲ" ಎಂದು ಅವಳು ನಕ್ಕಳು. ನಗುತ್ತಲೇ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ ಬುಟ್ಟಿ ಎತ್ತಿಕೊಂಡು ಹೋದಳು.

ಮೋದಿನಸಾಬ್ ನಮ್ಮ ಕ್ಯಾಶಿಯರ್. ನನಗಿಂತ ನಾಲ್ಕು ವರ್ಷ ದೊಡ್ಡವರು, ಮಾತು ಕಡಿಮೆ. ಅವರು ತಲೆ ಎತ್ತದೆಯೇ, "ಬಾಯಾರ, ನಗದು ಸರಿ ಐತಿ. ಬೆಳಿಗ್ಗೆ ಎಣಿಸೀನಿ" ಎಂದರು.

"ನಾ ಕೇಳಲಿಲ್ಲಲ್ಲ."

"ಕೇಳ್ತೀರಿ ಅಂತ ಹೇಳಿದೆ."

ಕೇಳಲಿಲ್ಲ, ನಾನೇ ಎಣಿಸಿದೆ. ಮಧ್ಯಾಹ್ನ ಮತ್ತೆ ಎಣಿಸಿದೆ. ಒಂದು ಪೈಸೆಯೂ ಹೆಚ್ಚುಕಡಿಮೆ ಇರಲಿಲ್ಲ. ಅವತ್ತು ಸಂಜೆಯೊಳಗೆ ಇನ್ನೂ ಮೂರು ಪಾಸ್‌ಬುಕ್ಕು ಬಂದವು. ಮಂಗಳವಾರ ಹನ್ನೊಂದು. ತಂದವರು ಜೋರು ಮಾಡಲಿಲ್ಲ, ತೋರಿಸಿ, ಮಡಚಿ, ಒಯ್ದರು. ಅದು ಜೋರು ಮಾಡಿದ್ದಕ್ಕಿಂತ ಕೆಟ್ಟದ್ದಾಗಿತ್ತು. ನನಗೆ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಹೋಗುತ್ತಿದ್ದೆ, ಬಾಗಿಲಿನಿಂದ ತಿಜೋರಿಗೆ, ತಿಜೋರಿಯಿಂದ ನೀರಿನ ಕೊಡಕ್ಕೆ. ಬಾಯಾರಿಕೆ ಇಲ್ಲದೆ ಎಷ್ಟು ನೀರು ಕುಡಿದೆನೋ. ಮನೆಗೆ ಹೋಗಿ ಹಾಲಿನ ಪುಸ್ತಕ ತೆಗೆದೆ. ಅಲ್ಲಿ ನನ್ನ ಸಹಿ ಕಪ್ಪಗೆ, ದಪ್ಪಗೆ ಕೂತಿತ್ತು. ಹಾಲಿನವನಿಗೆ ನಾನು ಪ್ರಾಮಾಣಿಕಳು. ಬಂಗಾರೆವ್ವನಿಗೆ ಅಲ್ಲ. ಯಾಕೆ?

ಬುಧವಾರ ಬೆಳಿಗ್ಗೆ ಮೋದಿನಸಾಬ್ ಬರುವ ಮುಂಚೆ ನನ್ನ ಮೇಜಿನ ಖಾನೆ ತೆಗೆದು, ಅದರ ಅಡಿಯಲ್ಲಿದ್ದ ಒಂದು ಕಾಗದ ಹೊರಗೆಳೆದೆ.

ಅದರ ಸಂಗತಿ ಹೀಗೆ. ಎರಡು ತಿಂಗಳ ಹಿಂದೆ ದೊಡ್ಡ ಬ್ಯಾಂಕೊಂದರ ಇನಾಮದಾರ ಎಂಬ ಅಧಿಕಾರಿ ಬಂದಿದ್ದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ನಮ್ಮ ಬ್ಯಾಂಕನ್ನು ತಮ್ಮದರೊಳಗೆ ಸೇರಿಸಿಕೊಳ್ಳುತ್ತೇವೆ, ಮೋದಿನಸಾಬರಿಗೆ ಪಿಂಚಣಿ, ನನಗೆ ಒಂದು ಗಂಟು ಹಣ ಎಂದರು. ಸೆಕ್ರೆಟರಿ ಒಪ್ಪಿದರೆ ನಿರ್ದೇಶಕರು ಎದುರಾಡುವುದಿಲ್ಲ ಎಂಬುದನ್ನೂ ವಿಚಾರಿಸಿಕೊಂಡೇ ಬಂದಿದ್ದರು. ಐನೂರಕ್ಕಿಂತ ಕಡಿಮೆ ಇರುವ ಖಾತೆಗಳನ್ನು ಮುಚ್ಚುತ್ತೇವೆ, ಸಾಲಕ್ಕೆ ಆಸ್ತಿಯ ಕಾಗದ ಬೇಕು ಎಂದು ಅವರು ಬಿಟ್ಟುಹೋದ ಒಪ್ಪಿಗೆಯ ಪತ್ರದ ಮೂರನೆಯ ಪುಟದಲ್ಲಿತ್ತು. ಅದನ್ನು ನಾನು ಓದಿದೆ. ಓದಿ, ಪುಟ ಮಗುಚಿದೆ. ನನ್ನ ಮೊಣಕಾಲಿನಲ್ಲಿ ಬಲವಿಲ್ಲ. ತಂಗಿಯ ಊರಿನಲ್ಲಿ ಎರಡು ಕೋಣೆಯ ಮನೆಯೊಂದನ್ನು ನೋಡಿ ಬಂದಿದ್ದೆ. ಒಳಗೇ ನಲ್ಲಿ, ಮುಂದೆ ಕೂರಲು ಜಗಲಿ. ಆ ಜಗಲಿಯ ಮೇಲೆ ಕೂತು ಯಾರ ಮುಖವನ್ನೂ ಓದದೆ ಒಂದು ದಿನ ಕಳೆಯಬೇಕೆಂಬ ಆಸೆ ಎಷ್ಟಿತ್ತೆಂದರೆ, ತಿಂಗಳ ಹಿಂದೆ ಆ ಪತ್ರಕ್ಕೆ ಸಹಿ ಹಾಕಿ ಖಾನೆಯಲ್ಲಿ ಇಟ್ಟಿದ್ದೆ. ಕೊಟ್ಟಿರಲಿಲ್ಲ. ಕೊಟ್ಟಿಲ್ಲದ ಮೇಲೆ ಏನೂ ಆಗಿಲ್ಲ ಎಂದುಕೊಂಡಿದ್ದೆ.

ಕಾಗದ ಬಿಡಿಸಿದೆ. ನನ್ನ ಸಹಿ ಅಲ್ಲಿ ಮಿರಮಿರ ಮಿಂಚುತ್ತಿತ್ತು.

ಆಗ ತಿಳಿಯಿತು. ಪಾಸ್‌ಬುಕ್ಕಿನಲ್ಲಿ ನಾನು ಹಾಕುತ್ತ ಬಂದ ಸಹಿ ಹಣಕ್ಕೆ ಹೊಣೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಹಣ ತಿಜೋರಿಯಲ್ಲಿ ಇದ್ದೇ ಇತ್ತು. ನೀನು ಬಂದಾಗ ಈ ಕಿಟಕಿಯಲ್ಲಿ ನಿನ್ನನ್ನು ಬಲ್ಲವಳೊಬ್ಬಳು ಇರುತ್ತಾಳೆ ಎಂಬುದಕ್ಕೆ ಆ ಸಹಿ ಹೊಣೆ. ಅಲ್ಲಿಂದ ನಾನು ಎದ್ದು ಹೋಗಿ ತಿಂಗಳಾಗಿತ್ತು, ಕುರ್ಚಿಯ ಮೇಲೆ ಕೂತುಕೊಂಡೇ.

ಗುರುವಾರ ಸಂತೆ. ಬಾಗಿಲು ತೆಗೆಯುವ ಹೊತ್ತಿಗೆ ಸಾಲು ಗಿರಣಿ ದಾಟಿ ಹೋಗಿತ್ತು. ತಿಜೋರಿಯಲ್ಲಿ ಇದ್ದದ್ದು ಒಂದು ಲಕ್ಷದ ತೊಂಬತ್ತು ಸಾವಿರ. ಜನ ಇಟ್ಟದ್ದು ಹನ್ನೊಂದು ಲಕ್ಷ. ಉಳಿದದ್ದೆಲ್ಲ ಹೊಲಿಗೆ ಯಂತ್ರ, ಎಮ್ಮೆ, ತಳ್ಳುಗಾಡಿ, ರುದ್ರಪ್ಪನ ಡೋಲು ಆಗಿ ಊರಿನಲ್ಲಿ ಓಡಾಡಿಕೊಂಡಿತ್ತು. ಎಲ್ಲರೂ ಅವತ್ತೇ ಕೇಳಿದರೆ ಮಧ್ಯಾಹ್ನದೊಳಗೆ ಬ್ಯಾಂಕು ಮುಳುಗುತ್ತದೆ. ಮೊದಲು ಬಂದವರು ಒಯ್ಯುತ್ತಾರೆ. ಬಂಗಾರೆವ್ವನಂಥವರು ಓಣಿ ತಿರುಗಿ ಬರುವಷ್ಟರಲ್ಲಿ ಏನೂ ಇರುವುದಿಲ್ಲ.

ಸಾಲಿನ ಮುಂದೆ ನಿಂತವನು ಸೈಕಲ್ ಅಂಗಡಿಯ ಕಲ್ಲೇಶಿ. ಮೂವತ್ತೈದರ ಆಳು, ಮೂರು ತಿಂಗಳಿಗೊಮ್ಮೆ ಬಡ್ಡಿ ತಾನೇ ಲೆಕ್ಕ ಹಾಕಿಕೊಂಡು ಬಂದು ಪೈಸೆಗೆ ಜಗಳ ಮಾಡುವವನು. ತನ್ನದಷ್ಟೇ ಅಲ್ಲ, ಪಕ್ಕದವರ ಪಾಸ್‌ಬುಕ್ಕನ್ನೂ ಇಸಿದುಕೊಂಡು ಅದರಲ್ಲಿ ತಪ್ಪು ಹುಡುಕುತ್ತಿದ್ದ.

"ಪೂರಾ ಕೊಡ್ರಿ" ಎಂದ. "ಹದಿನೆಂಟು ಸಾವಿರದ ಆರುನೂರು. ಸಹಿ ಮಾಸಿದ ಬ್ಯಾಂಕಿನ್ಯಾಗ ನನ್ನ ಬೆವರು ಇಡೂದಿಲ್ಲ."

"ಕೊಡ್ರಿ, ಮೋದಿನಸಾಬ್" ಎಂದೆ.

ಹಣ ಎಣಿಸಿ ಕೊಟ್ಟರು. ಅವನು ಮತ್ತೆರಡು ಸಲ ಎಣಿಸಿ ಚೀಲಕ್ಕೆ ತುಂಬಿದ. ಆದರೆ ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತ. "ನೋಡೋಣು, ಇನ್ನ ಎಷ್ಟು ಮಂದಿಗೆ ಸಾಲ್ತೈತಿ" ಎಂದ.

ಅಷ್ಟರಲ್ಲಿ ಇನಾಮದಾರರು ಬಂದರು. ಊರಿನ ಸುದ್ದಿ ಅವರನ್ನು ಮುಟ್ಟಿತ್ತು. ಜನರನ್ನು ಸರಿಸಿಕೊಂಡು ಒಳಗೆ ಬಂದು, ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ದಾಕ್ಷಾಯಣಿಯವರೇ, ಆ ಪತ್ರ ಈಗ ಕೊಡಿ. ನಾಳೆ ಬೆಳಿಗ್ಗೆ ವ್ಯಾನಿನಲ್ಲಿ ನಗದು ಬರುತ್ತದೆ. ಎಲ್ಲರಿಗೂ ಅವರವರ ಹಣ ಸಿಗುತ್ತದೆ. ನಿಮ್ಮ ಮರ್ಯಾದೆಯೂ ಉಳಿಯುತ್ತದೆ."

ಸುಳ್ಳಲ್ಲ. ಎಲ್ಲರಿಗೂ ಹಣ ಸಿಗುತ್ತಿತ್ತು. ಸಿಕ್ಕ ಮೇಲೆ ಇಡುವುದೆಲ್ಲಿ ಎಂಬುದಷ್ಟೇ ಉಳಿಯುತ್ತಿತ್ತು. ನಾನು ಖಾನೆ ತೆಗೆದು ಪತ್ರವನ್ನು ಮೇಜಿನ ಮೇಲೆ ಇಟ್ಟೆ. ಕೊಡಲೂ ಇಲ್ಲ, ಮುಚ್ಚಿಡಲೂ ಇಲ್ಲ. ಎದ್ದು ಕಿಟಕಿಗೆ ಹೋದೆ.

"ಕೇಳ್ರಿ" ಎಂದೆ. "ರೊಕ್ಕ ಯಾರೂ ತಿಂದಿಲ್ಲ. ಒಂದು ಲಕ್ಷದ ಎಪ್ಪತ್ತೊಂದು ಸಾವಿರದ ನಾಕನೂರು ಒಳಗೈತಿ. ಉಳದದ್ದು ನಿಮ್ಮ ಓಣಿಯೊಳಗ ಐತಿ. ಸಹಿ ಮಾಸಿದ್ದು ನನ್ನ ತಪ್ಪು. ಮೊಣಕಾಲು ತಾಳವಲ್ದು ಅಂತ ನಾ ಈ ಬ್ಯಾಂಕು ದೊಡ್ಡ ಬ್ಯಾಂಕಿಗೆ ಕೊಟ್ಟು ಹೋಗಬೇಕಂತ ಮಾಡಿದ್ದೆ. ನಿಮಗ ಹೇಳಿರಲಿಲ್ಲ."

ಎಲ್ಲರೂ ಒಟ್ಟಿಗೆ ಮಾತಾಡಿದರು. ಅಡುಗೆಯವಳೊಬ್ಬಳು ಅತ್ತಳು. ಹಮಾಲನೊಬ್ಬ ನನ್ನ ಮೊಣಕಾಲಿಗೆ ಎಣ್ಣೆಯ ಹೆಸರು ಹೇಳಿದ. ಬಂಗಾರೆವ್ವ ಬುಟ್ಟಿ ಹೊತ್ತುಕೊಂಡೇ ಮುಂದೆ ಬಂದಳು.

"ದೊಡ್ಡ ಬ್ಯಾಂಕಿನ್ಯಾಗ ನನ್ನ ಬುಟ್ಟಿ ಎಲ್ಲಿ ಇಳಸ್ಲಿ?" ಎಂದು ಇನಾಮದಾರರನ್ನೇ ಕೇಳಿದಳು.

ಇನಾಮದಾರರು ಅವಳ ಕಡೆ ತಿರುಗಿ, "ನಿಮ್ಮ ಖಾತೆಯಲ್ಲಿ ಎಷ್ಟಿದೆ, ತಾಯಿ?" ಎಂದರು.

"ಮುನ್ನೂರಾ ನಲವತ್ತು."

ಐನೂರಕ್ಕಿಂತ ಕಡಿಮೆ. ಅವರು ಕುರ್ಚಿ ಬಿಟ್ಟು ಎದ್ದು ನಿಂತರು. ಒಳ್ಳೆಯ ಮನುಷ್ಯ ಎಂದೆನಲ್ಲ.

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಏರಿದವು. "ಕೊಡ ಇಲ್ಲಿ ನಿನ್ನ ಪಾಸ್‌ಬುಕ್ಕು" ಎಂದು ಕಸಿದುಕೊಂಡು, "ನಾ ಎಲ್ಲೂ ಹೋಗೂದಿಲ್ಲ. ಇಲ್ಲೇ ಇರ್ತೀನಿ" ಎನ್ನುತ್ತ ದೊಡ್ಡದಾಗಿ ಸಹಿ ಹಾಕಿದೆ. ಹಾಕಿ ಎತ್ತಿ ಹಿಡಿದೆ. ಎಲ್ಲರೂ ಕತ್ತು ಚಾಚಿದರು. ಅವರ ಕಣ್ಣೆದುರಿಗೇ ಅದು ಚಹಾದ ಬಣ್ಣಕ್ಕೆ ಬಂತು, ಅಕ್ಕಿ ತೊಳೆದ ನೀರಾಯಿತು, ಹೋಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಬಂಗಾರೆವ್ವ ಬುಟ್ಟಿ ಇಳಿಸಿದಳು. ಪಾಸ್‌ಬುಕ್ಕನ್ನು ತಿರುಗಿ ನನ್ನ ಕಡೆ ನೂಕಿದಳು. "ಸುಳ್ಳು ಬರೀಬ್ಯಾಡ, ಎವ್ವಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಿಗಿಯಾದ ಬಳೆ ಏರಿಸುವಾಗ ಹುಡುಗಿಯರಿಗೆ ಕೈ ಸಡಿಲು ಬಿಡು ಎನ್ನುವಾಗಿನ ದನಿ. "ನಿನಗ ಹೋಗೂದೈತಿ. ಹೋಗು, ಯಾರು ಹಿಡದಾರ? ಎಷ್ಟು ದಿನ ಇರಾಕಾಗ್ತೈತಿ, ಅಷ್ಟ ಬರಿ."

ಖಾನಾವಳಿಯಲ್ಲಿ ಇದು ನನಗೆ ಗೊತ್ತಿದ್ದ ವಿದ್ಯೆ. ಸಂಬಳದ ದಿನ ಪೂರಾ ಕೊಡುತ್ತೇನೆ ಎನ್ನುವವನಿಗೆ ನಾನು ಉದ್ರಿ ಕೊಡುತ್ತಿರಲಿಲ್ಲ. ಅರ್ಧ ಕೊಡುತ್ತೇನೆ, ಉಳಿದದ್ದು ಹಬ್ಬ ಕಳೆದ ಮೇಲೆ ಎನ್ನುವವನಿಗೆ ಕೊಡುತ್ತಿದ್ದೆ. ಬೇರೆಯವರ ಮೇಲೆ ಇಷ್ಟು ವರ್ಷ ಉಪಯೋಗಿಸಿದ ಬುದ್ಧಿ ನನಗೇ ಬೇಕಾದಾಗ ನೆನಪಾಗಲಿಲ್ಲ, ಬಳೆಗಾರ್ತಿ ಹೇಳಬೇಕಾಯಿತು.

ಕುರ್ಚಿಗೆ ಕೂತೆ. ಪೆನ್ನು ಹಿಡಿದು ಯೋಚಿಸಿದೆ. ನಲ್ಲಿಯ ಮನೆ ನನಗೆ ಬೇಕು, ಅದನ್ನು ಬಿಡಲಾರೆ. ದೀಪಾವಳಿಗೆ ಏಳು ತಿಂಗಳಿದೆ. ಏಳು ತಿಂಗಳು ಈ ಮೊಣಕಾಲು ತಾಳುತ್ತದೆ. ಬಂಗಾರೆವ್ವನ ಪುಟದ ಕೆಳಗೆ ನಿಧಾನವಾಗಿ ಬರೆದೆ: "ಬರುವ ದೀಪಾವಳಿಯವರೆಗೆ ಈ ಕಿಟಕಿಯಲ್ಲಿ ನಾನೇ ಕೂರುತ್ತೇನೆ. ಕೇಳಿದ ಹಣ ಕೊಡುತ್ತೇನೆ. ಎಲ್ಲರೂ ಒಂದೇ ದಿನ ಕೇಳಿದರೆ, ಯಾರಿಗೆ ಹೆಚ್ಚು ಜರೂರಿಯೋ ಅವರಿಗೆ ಮೊದಲು." ಸಹಿ ಹಾಕಿದೆ. ಈ ಸಲ ಎತ್ತಿ ಹಿಡಿಯಲಿಲ್ಲ. ಅವಳೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಹಿಂದಿನವನಿಗೆ ಕೊಟ್ಟಳು, ಅವನು ಅವನ ಹಿಂದಿನವನಿಗೆ. ಪಾಸ್‌ಬುಕ್ಕು ಸಾಲಿನ ಕೊನೆಯವರೆಗೂ ಹೋಗಿ ಬಂತು. ಬಂದಾಗಲೂ ಸಹಿ ಕಪ್ಪಗೇ ಇತ್ತು. ಮೇಲಿನ ಹಳೆಯ ಸಹಿಗಳು ಮಾತ್ರ ಮಾಸಿದಂತೆಯೇ ಉಳಿದವು. ಅವು ಎಂದೆಂದಿಗೂ ಇರುತ್ತೇನೆ ಎಂದು ಹಾಕಿದವು.

ಇನಾಮದಾರರು ಮೇಜಿನ ಮೇಲಿದ್ದ ಪತ್ರವನ್ನು ಎತ್ತಿ ನೋಡಿದರು. ಅದರ ಮೇಲೆ ಈಗ ಏನೂ ಇರಲಿಲ್ಲ. "ನಮ್ಮ ಕಡೆ ಹೀಗಾಗುವುದಿಲ್ಲ" ಎಂದರು. ಪತ್ರವನ್ನು ಚೀಲಕ್ಕೆ ಹಾಕಿಕೊಳ್ಳದೆ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟರು.

ಮಧ್ಯಾಹ್ನದವರೆಗೆ ಅರವತ್ತೆರಡು ಪಾಸ್‌ಬುಕ್ಕಿನಲ್ಲಿ ಅದೇ ಮಾತು ಬರೆದೆ. ಹದಿನಾಲ್ಕು ಜನ ಹಣ ತೆಗೆದರು. ಇಬ್ಬರದು ಆಸ್ಪತ್ರೆಯ ಖರ್ಚು, ಒಬ್ಬನದು ಲಗ್ನ, ಉಳಿದವರದು ಹೆದರಿಕೆ. ಹೆದರಿದವರಿಗೂ ಕೊಟ್ಟೆ. ಹೆದರಿಕೆಯೂ ಜರೂರಿಯೇ.

ಆದರೆ ಬಂಗಾರೆವ್ವ ಎದ್ದಿರಲಿಲ್ಲ. ಕಲ್ಲಿನ ಮೇಲೆ ಬುಟ್ಟಿಯ ಪಕ್ಕ ಕೂತಿದ್ದಳು. "ದೀಪಾವಳಿ ಆದ ಮ್ಯಾಲ?" ಎಂದಳು.

"ಆದ ಮ್ಯಾಲ ಬ್ಯಾರೆಯವರು ಕೂಡ್ತಾರ."

"ಯಾರು?"

ಆ ಹೆಸರು ಇವತ್ತೇ ಸಿಗದಿದ್ದರೆ ಏಳು ತಿಂಗಳಿಗೆ ಇದೇ ಸಾಲು, ಇದೇ ಹೆದರಿಕೆ. ಒಂದು ಬಿಳಿ ಹಾಳೆ ತೆಗೆದು, "ದೀಪಾವಳಿಯ ನಂತರ ಈ ಕಿಟಕಿಯಲ್ಲಿ ನಾನು ಕೂರುತ್ತೇನೆ" ಎಂದು ಬರೆದು, ಪೆನ್ನಿನ ಸಮೇತ ಕಿಟಕಿಯ ಹೊರಗೆ ಚಾಚಿದೆ. ಮುಂದೆ ನಿಂತಿದ್ದ ಇಬ್ಬರು ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡರು. ಚಿತ್ರಕಲೆಯ ಮಾಸ್ತರರು ಮುಂದೆ ಬಂದು, ಬಳ್ಳಿ ಬಿಡಿಸಿದಂತೆ ಸಹಿ ಮಾಡಿದರು. ಪೆನ್ನಿನ ಟೊಪ್ಪಿಗೆ ಹಾಕುವಷ್ಟರಲ್ಲಿ ಬಳ್ಳಿ ಒಣಗಿ ಮಾಸಿಹೋಯಿತು. ರುದ್ರಪ್ಪನದು ಸ್ವಲ್ಪ ಹೊತ್ತು ನಿಂತು ಹೋಯಿತು. "ದೀಪಾವಳಿ ಆದ ಮ್ಯಾಲ ಲಗ್ನದ ಸೀಜನ್ ಅಲ್ರೀ, ಅಕ್ಕಾರ" ಎಂದು ಅವನು ತಲೆ ಕೆರೆದುಕೊಂಡ. ಮೋದಿನಸಾಬರ ಮುಂದೆ ಇಟ್ಟೆ. ಅವರು ಹಾಳೆಯನ್ನು ಬೆರಳ ತುದಿಯಿಂದ ವಾಪಸು ಸರಿಸಿದರು. "ದಿನಾ ಹಾಜರಿ ಪುಸ್ತಕದಾಗ ನನ್ನ ಸಹಿ ಹೆಂಗ ಉಳಿತೈತಿ ಅನ್ನೂದ ನನಗ ತಿಳಿದಿಲ್ಲ. ನನ್ನ ಬಿಡ್ರಿ."

ಈಗ ಜನ ನಕ್ಕರು. ಬಾಗಿಲಿಗೆ ಒರಗಿದ್ದ ಕಲ್ಲೇಶಿಗೆ ಆ ನಗು ತಡೆಯಲಾಗಲಿಲ್ಲ.

"ಇದೆಲ್ಲಾ ಆಟ" ಎಂದು ಮುಂದೆ ನುಗ್ಗಿದ. "ಕೊಡ್ರಿಲ್ಲಿ. ನಂದೂ ಅಳಿಸಿ ಹೋಗ್ತೈತಿ, ನೋಡ್ರಿ. ಆಮ್ಯಾಲ ಎಲ್ಲಾರೂ ಸುಮ್ಮನ ರೊಕ್ಕ ತಗೊಂಡು ಮನೀಗೆ ನಡೀರಿ." ಗ್ರೀಸಿನ ಕೈಯಲ್ಲೇ ಪೆನ್ನು ಹಿಡಿದು, ಹಾಳೆಯ ಅರ್ಧ ತುಂಬುವಂತೆ ಸಹಿ ಗೀಚಿ, ಎರಡು ಹೆಜ್ಜೆ ಹಿಂದೆ ಸರಿದು ಸೊಂಟಕ್ಕೆ ಕೈಯಿಟ್ಟು ನಿಂತ.

ಕಾದೆವು. ಬಂಗಾರೆವ್ವ ಬಳೆ ಎಣಿಸುವಂತೆ ತುಟಿಯಲ್ಲೇ ಎಣಿಸತೊಡಗಿದಳು. ಡಜನ್ ಆಯಿತು, ಎರಡು ಡಜನ್ ಆಯಿತು. ಕಲ್ಲೇಶಿ ಬಗ್ಗಿ ಅದರ ಮೇಲೆ ಊದಿದ. ಹೆಬ್ಬೆರಳಿನಿಂದ ತಿಕ್ಕಿದ, ಗ್ರೀಸು ಹತ್ತಿತೇ ಹೊರತು ಸಹಿ ಅಲುಗಲಿಲ್ಲ. ಅವನ ಕಿವಿ ಕೆಂಪಾದವು. ನಮ್ಮ ಕಡೆ ನೋಡದೆ ಹಾಳೆಯನ್ನೇ ನೋಡಿದ, ಅದು ಯಾರೋ ತನ್ನ ಬಗ್ಗೆ ಹೊರಗೆ ಹಾಕಿದ ಗುಟ್ಟು ಎಂಬಂತೆ. ಜಗಳಕ್ಕೆ ಬರುವವನೆಂದು ನಾನು ಹತ್ತು ವರ್ಷ ಓದಿದ ಮುಖ ಅದು. ತಪ್ಪು ಓದಿದ್ದೆ.

ಕೈ ಒರೆಸಿಕೊಂಡು ಚೀಲವನ್ನು ಕಿಟಕಿಯ ಮೇಲೆ ಇಟ್ಟ.

"ಇದನ್ನ ಒಳಗ ತಗೋರಿ."

"ಚೀಟಿ ಬರೀರಿ" ಎಂದರು ಮೋದಿನಸಾಬ್.

"ಈಗರ ಕೊಟ್ಟೀರಿ. ಅವ ನೋಟು."

"ಚೀಟಿ ಬರೀರಿ."

ಬರೆದ. ಬರೆಯುತ್ತ ತಡೆದು ನಿಂತು, "ತಗದು ಮತ್ತ ಇಟ್ಟಿದ್ದಕ್ಕ ಇವತ್ತಿನ ಬಡ್ಡಿ ಕಟ್ ಆಗ್ತೈತೇನು?" ಎಂದು ಕೇಳಿದ.

ಮೋದಿನಸಾಬ್ ನನ್ನ ಮುಖ ನೋಡಿದರು. ನಾನು ಲೆಜರನ್ನು ತಿರುಗಿಸಿ ಕಲ್ಲೇಶಿಯ ಮುಂದೆ ಇಟ್ಟೆ. "ಅದನ್ನ ನೀನ ಹೇಳಪಾ."

ಅವನು ನಿಂತಲ್ಲೇ ಲೆಕ್ಕ ಹಾಕಿದ. ನಿಯಮದ ಪುಟ ಹುಡುಕಿ ಒಮ್ಮೆ ಓದಿದ, ತನಗೆ ಅನುಕೂಲವಾದ ಸಾಲು ಸಿಗುತ್ತದೆಯೋ ಎಂದು ಇನ್ನೊಮ್ಮೆ ಓದಿದ. ಸಾಲಿನಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು.

"ಆಗ್ತೈತಿ" ಎಂದ, ಗಂಟು ಮುಖ ಹಾಕಿಕೊಂಡು. "ಎರಡು ರೂಪಾಯಿ ನಾಕು ಪೈಸೆ. ಹೋತು."